ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುವುದು: ದೋಷ ಪತ್ತೆಯ ಕ್ರಮ

ಫೋರ್ ವೀಲ್ ಡ್ರೈವ್ ಜೀಪುಗಳಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಕೂಡಲೇ ಡಿಸ್ಕ್ ಬದಲಾಯಿಸುವುದು ವಾಡಿಕೆ. ಆದರೆ ಸವೆದ ಬುಷ್ ಹಾಗೂ ಬಾಲ್ ಜಾಯಿಂಟ್‌ಗಳು ಡಿಸ್ಕಿನ ಅಲ್ಪ ದೋಷವನ್ನೂ ದೊಡ್ಡ ನಡುಕವಾಗಿಸುತ್ತವೆ. ಆದ್ದರಿಂದ ಮೊದಲು ಸಸ್ಪೆನ್ಷನ್ ಪರಿಶೀಲಿಸತಕ್ಕದ್ದು.

1. ಬ್ರೇಕ್ ಒತ್ತದಿದ್ದರೂ ನಿರ್ದಿಷ್ಟ ವೇಗದಲ್ಲಿ ನಡುಕ ಕಂಡುಬಂದರೆ ಟೈರು ಮತ್ತು ವೀಲ್ ಬ್ಯಾಲೆನ್ಸಿಂಗ್ ಪರೀಕ್ಷಿಸುವುದು.

2. ಹಿಂಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗದ ಕೆಳ ಆರ್ಮ್‌ಗೆ ಜಾಕ್ ಕೊಟ್ಟು ಎತ್ತಿ, ಚಾಸಿಗೆ ಸ್ಟ್ಯಾಂಡ್ ಇಡುವುದು. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸುವುದು. ಇನ್ನೊಬ್ಬರು ಬ್ರೇಕ್ ಒತ್ತಿಹಿಡಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಬಹುತೇಕ ಬಾಲ್ ಜಾಯಿಂಟಿನದು. ಎಡ-ಬಲಕ್ಕೆ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ ನೋಡುವುದು.

3. ಇವು ಬಿಗಿಯಾಗಿದ್ದಲ್ಲಿ ಮಾತ್ರ ಡಿಸ್ಕಿನ ದಪ್ಪ ಹಾಗೂ ಓಲಾಟವನ್ನು ಅಳೆಯುವುದು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತದೆ.

4. ಹೊಸ ಡಿಸ್ಕ್ ಕೂರಿಸುವ ಮುನ್ನ ಹಬ್‌ನ ತುಕ್ಕನ್ನು ಸಂಪೂರ್ಣವಾಗಿ ತೆಗೆಯುವುದು. ವೀಲ್ ನಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಿಂದ ಸಮನಾಗಿ ಬಿಗಿಯುವುದು. ಇಲ್ಲವಾದಲ್ಲಿ ನಡುಕ ಮರುಕಳಿಸುತ್ತದೆ.

ಸಡಿಲ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಿಚಿ ವಾಹನ ಹತೋಟಿ ತಪ್ಪುತ್ತದೆ. ಅಂತಹ ವಾಹನವನ್ನು ದುರಸ್ತಿಯಾಗುವವರೆಗೆ ಕ್ಷೇತ್ರ ಕಾರ್ಯಕ್ಕೆ ಕಳುಹಿಸತಕ್ಕದ್ದಲ್ಲ.