ಅಟ್ಟದ ಮೇಲಿನ ಓಲೆಕಟ್ಟು ಬಿಚ್ಚಬಹುದೇ?

ಪ್ರಶ್ನೆ: ಮುತ್ತಾತನ ಕಾಲದ ಓಲೆಗರಿ ಕಟ್ಟೊಂದು ಕೆಂಪು ಬಟ್ಟೆಯಲ್ಲಿ ಸುತ್ತಿ ನಮ್ಮ ಅಟ್ಟದ ಮೇಲಿದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಮಾತ್ರ ಕೆಳಗಿಳಿಸುತ್ತೇವೆ. ಬಿಚ್ಚಿದರೆ ಮನೆಗೆ ಕೇಡು ಎಂದು ಅಮ್ಮ ಹೆದರುತ್ತಾರೆ. ಈ ಸಲ ಅಂಚಿನಿಂದ ಪುಡಿ ಉದುರಿತು. ಹಾಳಾಗಿದ್ದನ್ನು ಹೇಮಾವತಿಗೆ ಬಿಟ್ಟುಬಿಡಿ ಎನ್ನುತ್ತಾರೆ ನೆಂಟರು. ಏನು ಮಾಡಲಿ?
– ಓದುಗರು, ದಂಡಿಗನಹಳ್ಳಿ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಪುಡಿ ಉದುರಿದ ಮಾತ್ರಕ್ಕೆ ಓಲೆ ಹಾಳಾಯಿತೆಂದು ಅರ್ಥವಲ್ಲ. ದಯವಿಟ್ಟು ಹೊಳೆಗೆ ಬಿಡಬೇಡಿ.

ನಿಮ್ಮ ತಾಯಿಯವರ ಅಂಜಿಕೆಯನ್ನು ನಾನು ಗೌರವಿಸುತ್ತೇನೆ. ಆ ಭಯಭಕ್ತಿ ಇದ್ದುದರಿಂದಲೇ ಕಟ್ಟು ಇಷ್ಟು ತಲೆಮಾರು ಉಳಿದಿದೆ. ಆದರೆ ಅದನ್ನು ಬರೆದವರು ಓದಲೆಂದೇ ಬರೆದರು ಎಂದು ಅವರಿಗೆ ನಿಧಾನವಾಗಿ ಹೇಳಿ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಸಿಗುವ ಕಟ್ಟುಗಳಲ್ಲಿ ಹೆಚ್ಚಾಗಿ ಇರುವುದು ಜೈಮಿನಿ ಭಾರತ, ಕುಮಾರವ್ಯಾಸನ ಭಾರತ, ಅಮರಕೋಶ, ವೈದ್ಯ, ಜ್ಯೋತಿಷ. ಪೂಜೆ ಮಾಡಿ, ಅವರ ಕೈಯಿಂದಲೇ ಗಂಟು ಬಿಚ್ಚಿಸಿದರೆ ಇನ್ನೂ ಒಳ್ಳೆಯದು.

ಓಲೆಯ ಬರಹ ಸಾಮಾನ್ಯವಾಗಿ ಕಂಟದಿಂದ (ಓಲೆಯ ಮೇಲೆ ಕೊರೆಯುವ ಉಕ್ಕಿನ ಮೊನೆ) ಕೊರೆದದ್ದು. ಕೊರೆದ ಗೀರಿಗೆ ದೀಪದ ಕಪ್ಪು ತುಂಬಿ ಅಕ್ಷರ ಕಾಣುವಂತೆ ಮಾಡುತ್ತಿದ್ದರು. ಕಾಲ ಕಳೆದಂತೆ ಕಪ್ಪು ಹೋಗುತ್ತದೆ, ಗೀರು ಉಳಿಯುತ್ತದೆ. ಗರಿ ಬೋಳಾಗಿ ಕಂಡರೆ ಎದೆಗುಂದಬೇಡಿ. ಬಲ್ಲವರು ಮತ್ತೆ ಕಪ್ಪು ಸವರಿದಾಗ ಸಾಲುಗಳು ಎದ್ದು ಬರುವುದನ್ನು ನೋಡಿದವರಿಗೆ ಆ ಸಂತೋಷ ಗೊತ್ತು.

ಕಟ್ಟನ್ನು ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಎಬ್ಬಿಸಬೇಡಿ. ಮೆತ್ತನೆಯ ಒಣ ಕುಂಚದಿಂದ ಮೇಲಿನ ಧೂಳನ್ನಷ್ಟೇ ತೆಗೆಯಿರಿ. ದಾರ ಕಡಿದುಹೋಗಿದ್ದರೆ ಗರಿಗಳ ಕ್ರಮ ತಪ್ಪದಂತೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿಡಿ. ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿಯಾರು. ಅದು ಒಣಗಿದ ಗರಿಯನ್ನು ಮೆದುಗೊಳಿಸುವುದು ನಿಜ. ಆದರೆ ಶಾಯಿಯಲ್ಲಿ ಬರೆದ ಗರಿಯಾದರೆ ಅಕ್ಷರವೇ ಹರಡಿಹೋಗುತ್ತದೆ. ಆ ಕೆಲಸ ಪಳಗಿದ ಕೈಗಳಿಗೆ ಬಿಡಿ.

ಅಂಥ ಕೈಗಳನ್ನು ಹುಡುಕಿಕೊಂಡು ನೀವು ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲೇ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆಯ ಓಲೆಗರಿ ಭಂಡಾರವಿದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ. ಕೌಟಿಲ್ಯನ ಅರ್ಥಶಾಸ್ತ್ರ ಮರಳಿ ಸಿಕ್ಕಿದ್ದು ಮೈಸೂರಿನ ಆ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಓಲೆಯನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರ ಮನೆಯವರು ಅದನ್ನು ಕಾವೇರಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ನೆಂಟರಿಗೆ ಕೇಳಿ.

ಇನ್ನೊಂದು ಮಾತು. ಕೊನೆಯ ಗರಿಯಲ್ಲಿ ಪುಷ್ಪಿಕೆ (ಪ್ರತಿ ಮಾಡಿದವರು ತಮ್ಮ ಹೆಸರು, ದಿನ ಬರೆದ ಟಿಪ್ಪಣಿ) ಇದೆಯೇ ನೋಡಿಸಿ. ಶಾಲಿವಾಹನ ಶಕ 1702 ಎಂದಿದ್ದರೆ 78 ಕೂಡಿಸಿ, ಕ್ರಿ.ಶ. 1780 ಆಯಿತು. ಬರೀ ‘ಶಾರ್ವರಿ ಸಂವತ್ಸರ’ ಎಂದಿದ್ದರೆ ಅದು 1780, 1840, 1900 ಯಾವುದೂ ಆಗಬಹುದು, ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದಲ್ಲ. ಆಗ ಮಾಸ, ತಿಥಿ, ವಾರ ಮೂರನ್ನೂ ಪಂಚಾಂಗಕ್ಕೆ ತಾಳೆ ಹಾಕಿ ತೀರ್ಮಾನಿಸುತ್ತಾರೆ.

ಪ್ರಶ್ನೆ: ಊರಿನ ಚರಿತ್ರೆಯನ್ನು ಬರೆಸಿ ಬ್ರಿಟಿಷ್ ಅಧಿಕಾರಿಯೊಬ್ಬರು ಒಯ್ದರೆಂದು ಹಿರಿಯರು ಹೇಳುತ್ತಿದ್ದರು. ಅದೆಲ್ಲ ಲಂಡನ್ನಿಗೆ ಹೋಗಿ ನಮಗೆ ಇಲ್ಲವಾಯಿತೇ?
– ಓದುಗರು, ಹೊಳೆನರಸೀಪುರ

ಉತ್ತರ: ಪೂರ್ತಿ ಕೈಬಿಟ್ಟುಹೋಗಿಲ್ಲ. ಹಿರಿಯರು ಹೇಳಿದ್ದು ಕಾಲಿನ್ ಮೆಕೆಂಜಿಯ ವಿಷಯವಿರಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಭೂಮಾಪನಕ್ಕೆ ಬಂದವನು. ಅವನ ಜೊತೆಗಿದ್ದ ಕಾವಲಿ ವೆಂಕಟ ಬೋರಯ್ಯ ಮುಂತಾದವರು ಊರೂರು ತಿರುಗಿ, ಶಾನುಭೋಗರಿಂದ, ಅರ್ಚಕರಿಂದ ಕೈಫಿಯತ್ತುಗಳನ್ನು (ಊರಿನ ಪೂರ್ವೋತ್ತರದ ಲಿಖಿತ ಹೇಳಿಕೆ) ಬರೆಸಿಕೊಂಡರು. ಶ್ರಮವೆಲ್ಲ ಇವರದು. ಹೆಸರು ಮಾತ್ರ ಸಾಹೇಬನದಾಯಿತು, ಅದು ನನಗೆ ಇಂದಿಗೂ ನೋವಿನ ಸಂಗತಿ.

ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಸಂಗ್ರಹ ಹಂಚಿಹೋಯಿತು. ಒಂದು ಪಾಲು ಲಂಡನ್ನಿಗೆ ಹೋದದ್ದು ನಿಜ. ದಕ್ಷಿಣದ ಭಾಷೆಗಳ ದೊಡ್ಡ ಪಾಲು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಸಂಪಾದಿಸಿದ್ದಾರೆ, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಮೊದಲು ಅದರಲ್ಲಿ ನಿಮ್ಮ ಸೀಮೆಯ ಊರುಗಳನ್ನು ಹುಡುಕಿ. ಓದುವಾಗ ಒಂದು ಎಚ್ಚರವಿರಲಿ: ಇನ್ನೂರು ವರ್ಷದ ಹಿಂದಿನವರು ನೆನಪಿನಿಂದ ಹೇಳಿದ್ದು ಅಲ್ಲಿದೆ. ಪಾಳೆಯಗಾರರ ಮಾತು ಬಂದ ಕಡೆ, 1902ರಲ್ಲಿ ಬಿ.ಎಲ್. ರೈಸ್ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಶಾನುಭೋಗರ ಮನೆತನ. ಮಡಿಚಿಟ್ಟ ಕಪ್ಪು ಬಟ್ಟೆಯ ಕಡತಗಳಿವೆ. ಯಾರಿಗಾದರೂ ತೋರಿಸಿದರೆ ಹಳೆಯ ಜಮೀನಿನ ತಕರಾರು ಏಳುತ್ತದೆಂದು ಅಣ್ಣನಿಗೆ ಭಯ.
– ಓದುಗರು, ಅರಕಲಗೂಡು

ಉತ್ತರ: ಜಮೀನಿನ ವಿಷಯದಲ್ಲಿ ಹೆದರುವುದು ಸಹಜ. ಆದರೆ ಶಾನುಭೋಗಿಕೆ 1961ರ ಕಾಯಿದೆಯಿಂದಲೇ ಹೋಯಿತು. ಇನಾಂ ರದ್ದತಿ, 1974ರ ಭೂ ಸುಧಾರಣೆ ಬಂದ ಮೇಲೆ ಹಕ್ಕುಗಳು ಹೊಸದಾಗಿ ತೀರ್ಮಾನವಾದವು. ಹಳೆಯ ಲೆಕ್ಕವನ್ನು ಯಾರೋ ಓದಿದ ಮಾತ್ರಕ್ಕೆ ಇಂದಿನ ಪಹಣಿ ಬದಲಾಗುವುದಿಲ್ಲ. ವ್ಯಾಜ್ಯ ಈಗಾಗಲೇ ಕೋರ್ಟಿನಲ್ಲಿದ್ದರೆ ಮಾತ್ರ ವಕೀಲರನ್ನು ಕೇಳಿ ಮುಂದುವರಿಯಿರಿ.

ಕಡತವನ್ನು ಒರೆಸಲೇಬೇಡಿ. ಹುಣಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಅದು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು, ಬೆರಳು ತಾಗಿದರೂ ಅಕ್ಷರ ಹೋಗುತ್ತದೆ. ಮೊದಲು ಮೊಬೈಲಿನಲ್ಲಿ ಪ್ರತಿ ಮಡಿಕೆಯ ಫೋಟೋ ತೆಗೆಯಿರಿ. ಓದಲಾಗದ ಬಳ್ಳಿಯಂಥ ಬರಹ ಕಂಡರೆ ಅದು ಮೋಡಿ ಲಿಪಿ (ಮರಾಠಿಯ ಕೂಡುಬರಹ) ಇರಬಹುದು. ಮೈಸೂರು ಸಂಸ್ಥಾನದ ಲೆಕ್ಕಪತ್ರ ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತಿತ್ತು.

ಪ್ರಶ್ನೆ: ಚಿತ್ರಗಳಿರುವ ಹಳೆಯ ಹಸ್ತಪ್ರತಿಗೆ ಒಬ್ಬರು ಒಳ್ಳೆಯ ಹಣ ಕೊಡುತ್ತೇನೆನ್ನುತ್ತಾರೆ. ಮನೆಯಲ್ಲಿಟ್ಟುಕೊಂಡರೆ ಸರ್ಕಾರ ಕಿತ್ತುಕೊಳ್ಳುತ್ತದೆಂದೂ ಹೆದರಿಸುತ್ತಾರೆ.
– ಓದುಗರು, ಚನ್ನರಾಯಪಟ್ಟಣ

ಉತ್ತರ: ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ, ಗಾಬರಿ ಬೇಡ. 1972ರ ಪುರಾವಸ್ತು ಕಾಯಿದೆಯಂತೆ 75 ವರ್ಷ ದಾಟಿದ, ಚರಿತ್ರೆಯ ಅಥವಾ ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿ ಪುರಾವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಚಿತ್ರಗಳಿರುವ ಪ್ರತಿಯನ್ನು ನೀವು ನೋಂದಾಯಿಸಬೇಕು. ಹೆದರಿಸಿ ಕೊಳ್ಳಲು ಬಂದವರಿಗೆ ಒಂದು ಗರಿಯನ್ನೂ ಕೊಡಬೇಡಿ. ಶ್ರವಣಬೆಳಗೊಳಕ್ಕೋ ಮೈಸೂರಿಗೋ ಒಯ್ದು ತೋರಿಸಿ. ಕೊಡುವ ಮನಸ್ಸಾದರೆ ಗರಿಗಳ ಎಣಿಕೆ, ಅಳತೆ ಬರೆಸಿ, ಮನೆತನದ ಹೆಸರಿನಲ್ಲಿ ರಸೀದಿ ಪಡೆಯಿರಿ. ಡಿಜಿಟಲ್ ಪ್ರತಿಯೊಂದನ್ನು ನಿಮಗೆ ಕೊಡಬೇಕೆಂದೂ ಅದರಲ್ಲೇ ಬರೆಸಿಕೊಳ್ಳಿ.