ನಿವೃತ್ತಿಯ ಹಣವೂ ಚಿಕ್ಕ ವ್ಯಾಪಾರವೂ

ಕರ್ನಾಟಕ ಸರ್ಕಾರದ ನೌಕರನು 60ನೆಯ ವಯಸ್ಸಿನಲ್ಲಿ ನಿವೃತ್ತನಾದಾಗ ಉಪದಾನ, ಗಳಿಕೆ ರಜೆಯ ಸಂಬಳ ಎಂದು ಮುಂತಾಗಿ, ಅದುವರೆಗೆ ಒಟ್ಟಿಗೆ ಕಂಡರಿಯದಂಥ ಮೊಬಲಗು ಅವನ ಕೈಸೇರುತ್ತದೆ. ಅದೇ ವಾರ ಸಲಹೆಗಾರರೂ ಬಂದು ಸೇರುತ್ತಾರೆ. “ಸುಮ್ಮನೆ ಕೂತು ಏನು ಮಾಡುತ್ತೀರಿ ರಾಯರೇ? ಒಂದು ಅಂಗಡಿ ಹಾಕಿ. ಹುಡುಗನೊಬ್ಬನನ್ನು ಇಟ್ಟರೆ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆ. ನೀವು ಸಂಜೆ ಹೋಗಿ ಗಲ್ಲಾಪೆಟ್ಟಿಗೆ ಎಣಿಸಿದರಾಯಿತು” ಎನ್ನುತ್ತಾರೆ. ಶ್ರಮವಿಲ್ಲದೆ ವ್ಯಾಪಾರದಿಂದ ವರಮಾನ ಬರುವುದೇ ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಇದು ಇಂದೋ ನಾಳೆಯೋ ಏಳುವ ಪ್ರಶ್ನೆಯೂ ಹೌದು. ಆದುದರಿಂದ ತರಗತಿಯಲ್ಲಿ ಕಲಿತ ಗೇಣಿ, ಕೂಲಿ, ಬಡ್ಡಿ, ಲಾಭ ಎಂಬ ನಾಲ್ಕು ಮಾತುಗಳನ್ನು ಒಂದು ಚಿಕ್ಕ ಅಂಗಡಿಗೆ ಹಚ್ಚಿ ನೋಡುವುದು ಉಚಿತ.

ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದವನು ಆಡಂ ಸ್ಮಿತ್. 1776ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದ ಮೊದಲನೆಯ ಭಾಗದ ಹತ್ತನೆಯ ಅಧ್ಯಾಯದಲ್ಲಿ ಅವನು ಚಿಕ್ಕ ಬಂದರು ಪಟ್ಟಣವೊಂದರ ದಿನಸಿ ವ್ಯಾಪಾರಿಯ ನಿದರ್ಶನವನ್ನು ಕೊಡುತ್ತಾನೆ. ಈತ ನೂರು ಪೌಂಡಿನ ಸರಕಿನ ಮೇಲೆ ಶೇಕಡ 40, 50ರಷ್ಟು ಗಳಿಸುತ್ತಾನೆ. ಅದೇ ಊರಿನಲ್ಲಿ ಹತ್ತು ಸಾವಿರ ಪೌಂಡು ತೊಡಗಿಸಿದ ಸಗಟು ವ್ಯಾಪಾರಿಗೆ ಶೇಕಡ 8, 10 ದೊರೆತರೆ ಹೆಚ್ಚು. ಹಾಗಾದರೆ ಚಿಕ್ಕವನೇ ಭಾಗ್ಯವಂತನೋ? ಅಲ್ಲ. ಅವನು ಓದು ಬರಹ ಲೆಕ್ಕ ಬಲ್ಲವನಾಗಿ, ಐವತ್ತು ಬಗೆಯ ಸರಕುಗಳ ಬೆಲೆ, ಗುಣ, ಅವು ಅಗ್ಗವಾಗಿ ಸಿಗುವ ಪೇಟೆ ಇವನ್ನೆಲ್ಲ ತಿಳಿದಿರಬೇಕು. ಅವನ ಲಾಭದಲ್ಲಿ ಬಹುಭಾಗ ಈ ದುಡಿಮೆಯ ಕೂಲಿ. ಲಾಭದ ವೇಷ ತೊಟ್ಟು ಬಂದಿದೆ ಅಷ್ಟೆ.

ಈಗ ನಮ್ಮ ರಾಯರ ಅಂಗಡಿಗೆ ಬರೋಣ. ಇಲ್ಲಿಯ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿದವು. ಬಡ್ಡಿಯ ದರವೊಂದು ಮಾತ್ರ ನಿಜವಾದದ್ದು. ಅಂಗಡಿಯ ಮುಂಗಡ, ಬೀರು, ತಕ್ಕಡಿ, ಸರಕು ಎಲ್ಲ ಸೇರಿ 5 ಲಕ್ಷ ರೂ. ಬಂಡವಾಳ. ಬಾಡಿಗೆ, ವಿದ್ಯುಚ್ಛಕ್ತಿ ಕಳೆದು ತಿಂಗಳಿಗೆ 14,000 ರೂ. ಉಳಿಯಿತು, ವರ್ಷಕ್ಕೆ 1,68,000. ಬಂಡವಾಳದ ಮೇಲೆ ಶೇಕಡ 33ಕ್ಕೂ ಹೆಚ್ಚಾಯಿತೆಂದು ರಾಯರು ಹಿಗ್ಗಬಹುದು. ಆದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲಿನಲ್ಲಿ ಶೇಕಡ 8.2ಕ್ಕೆ ಏರಿತು, ಠೇವಣಿಯ ಮಿತಿಯೂ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಈ ದರದಲ್ಲಿ 5 ಲಕ್ಷವನ್ನು ಅಂಚೆಕಚೇರಿಯಲ್ಲಿಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 10,250ರಂತೆ ವರ್ಷಕ್ಕೆ 41,000 ರೂ. ಮನೆಯಲ್ಲಿ ಕೂತೇ ಬರುತ್ತಿತ್ತು. ಅದನ್ನು ಕಳೆಯಬೇಕು. ಉಳಿದ 1,27,000 ರಾಯರ ಕೂಲಿ. ತಿಂಗಳಿಗೆ 26 ದಿನ, ದಿನಕ್ಕೆ 11 ಗಂಟೆ ಬಾಗಿಲು ತೆರೆದಿದ್ದರೆ ವರ್ಷಕ್ಕೆ 3,432 ಗಂಟೆ. ಗಂಟೆಗೆ 37 ರೂ. ಬಿತ್ತು.

ರಾಯರು ಶ್ರಮವನ್ನು ಬಿಟ್ಟು, 12,000 ರೂ. ಸಂಬಳಕ್ಕೆ ಹುಡುಗನನ್ನು ಇಟ್ಟರೆಂದುಕೊಳ್ಳೋಣ. ವರ್ಷದ ಸಂಬಳ 1,44,000. ಉಳಿಯುವುದು 24,000, ಅಂಚೆಕಚೇರಿಯ ಬಡ್ಡಿಗಿಂತ 17,000 ಕಡಿಮೆ! ಇಲಿ ಕಡಿದದ್ದು, ಹುಳು ಹಿಡಿದದ್ದು, ಉದ್ರಿ ಒಯ್ದವರು ಓಣಿ ಬದಲಿಸಿದ್ದು, ಗಲ್ಲಾಪೆಟ್ಟಿಗೆ ಸೋರಿದ್ದು ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ. ಕೂಲಿಯೇ ಲಾಭವಾಗಿರುವ ವ್ಯಾಪಾರದಲ್ಲಿ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿದರೆ ಲಾಭವೂ ಅವನ ಹಿಂದೆಯೇ ಹೋಗುವುದು ನ್ಯಾಯವಾಗಿಯೇ ಇದೆ.

ಶ್ರಮವಿಲ್ಲದ ಇನ್ನೊಂದು ದಾರಿ ಪಾಲುಗಾರಿಕೆ. “ಭಾವ, ನೀವು ಹಣ ಹಾಕಿ, ದುಡಿಮೆ ನನ್ನದು” ಎಂದು ಭಾವಮೈದುನ ಬರುತ್ತಾನೆ. ಅವನು ಪ್ರಾಮಾಣಿಕನೇ ಇರಬಹುದು. ಆದರೆ 1932ರ ಪಾಲುಗಾರಿಕೆ ಕಾನೂನಿನಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುಗಾರನೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಅಂಗಡಿಯ ಮೆಟ್ಟಿಲು ಹತ್ತದಿದ್ದ ಪಾಲುಗಾರನಿಗೂ ಇದರಿಂದ ಬಿಡುಗಡೆಯಿಲ್ಲ. 2 ಲಕ್ಷ ಹಾಕಿದವನ ಮನೆಯವರೆಗೂ ಸಾಲಗಾರರು ಬರಬಲ್ಲರು. 2008ರ ಕಾನೂನಿನಂತೆ ಸೀಮಿತ ಹೊಣೆಗಾರಿಕೆಯ ಪಾಲುಗಾರಿಕೆಯನ್ನು ನೋಂದಾಯಿಸಿದರೆ ಹೊಣೆಯು ಸಾಮಾನ್ಯವಾಗಿ ಒಪ್ಪಿದ ಬಂಡವಾಳಕ್ಕೆ ನಿಲ್ಲುತ್ತದೆ. ಅದರ ವಾರ್ಷಿಕ ಲೆಕ್ಕಪತ್ರಗಳ ಖರ್ಚು ಮಾತ್ರ ಚಿಕ್ಕ ವ್ಯಾಪಾರಕ್ಕೆ ಭಾರ. ಭಾವಮೈದುನನಿಗೆ ಸಹಾಯ ಮಾಡಲೇಬೇಕಾದರೆ ಕಾಗದ ಬರೆಯಿಸಿ ಸಾಲವಾಗಿ ಕೊಡುವುದು ಲೇಸು. ಹೋದರೆ ಕೊಟ್ಟಷ್ಟೇ ಹೋಗುತ್ತದೆ.

ಹಾಗಾದರೆ ವಯಸ್ಸಾದವನಿಗೆ ತಕ್ಕ ವ್ಯಾಪಾರವೇ ಇಲ್ಲವೇ? ಉಂಟು. ಮನೆಪಾಠ, ಅರ್ಜಿ ಬರೆದುಕೊಡುವುದು ಮುಂತಾದವುಗಳಿಗೆ ಬಂಡವಾಳವೇ ಬೇಡವಾದ್ದರಿಂದ ಅವುಗಳ ಚರ್ಚೆ ಇಲ್ಲಿ ಬೇಡ. ಬಂಡವಾಳ ಬೇಡುವವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಹಿಟ್ಟಿನ ಗಿರಣಿ. ಇದರಲ್ಲಿ ಸರಕು ಗಿರಾಕಿಯದು. ರಾಗಿಯನ್ನೋ ಜೋಳವನ್ನೋ ಅವರೇ ಹಸನು ಮಾಡಿ ತರುತ್ತಾರೆ. ಬೀಸಿದ ಕೂಲಿಯನ್ನು ಕೊಟ್ಟು ಒಯ್ಯುತ್ತಾರೆ. ಕೊಳೆಯುವ ದಾಸ್ತಾನಿಲ್ಲ, ಉದ್ರಿಯೂ ಅಪರೂಪ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ಹಲಗೆ ಹಾಕಿದರೆ ಗಿರಾಕಿಗಳು ಆ ಹೊತ್ತಿಗೇ ಬರುತ್ತಾರೆ. ಉಪ್ಪಿನ ಪೊಟ್ಟಣಕ್ಕೆ ಯಾರೂ ಹೀಗೆ ಕಾಯುವುದಿಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾರೆ.

ಇದರ ಲೆಕ್ಕವನ್ನೂ ಮಾಡೋಣ. 7.5 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 5.6 ಯೂನಿಟ್ಟು ತಿನ್ನುತ್ತದೆಂದು ಇಟ್ಟುಕೊಳ್ಳೋಣ. ನಾಲ್ಕು ಗಂಟೆಗಳಲ್ಲಿ ಯಂತ್ರ ನಿಜವಾಗಿ ಓಡುವುದು ಎರಡು ಗಂಟೆ, ಗಂಟೆಗೆ 50 ಕಿಲೋ, ಕಿಲೋಗೆ 6 ರೂ. ಎಂದಿಟ್ಟರೆ ದಿನಕ್ಕೆ 600, ತಿಂಗಳಿಗೆ 15,600. ಯೂನಿಟ್ಟಿಗೆ 8 ರೂ.ನಂತೆ ವಿದ್ಯುತ್ತಿಗೆ ಸುಮಾರು 2,300, ನಿಗದಿ ಶುಲ್ಕಕ್ಕೆ 1,000, ಬೆಲ್ಟು, ಕಲ್ಲು, ರಿಪೇರಿಗೆ 1,600 ಹೋಗಿ 10,700 ಉಳಿಯುತ್ತದೆ, ವರ್ಷಕ್ಕೆ 1,28,400. ಬಂಡವಾಳ ಎರಡೂವರೆ ಲಕ್ಷಕ್ಕೆ ಬಡ್ಡಿ 20,500. ಯಂತ್ರದ ಸವಕಳಿ 15,000. ಮನೆಯ ಮುಂದಿನ ಕೋಣೆ ಸ್ವಂತದ್ದೆಂದು ಬಿಡಬಾರದು; ಬೇರೆಯವರಿಗೆ ಕೊಟ್ಟಿದ್ದರೆ ತಿಂಗಳಿಗೆ 3,000 ಬರುತ್ತಿದ್ದರೆ ಅದೂ ಖರ್ಚೇ, 36,000. ಕೊನೆಗೆ ಉಳಿದದ್ದು 56,900. ಗಂಟೆಗಳು 1,248. ಗಂಟೆಗೆ 45 ರೂ. ಚಿಲ್ಲರೆ. ಅಂಗಡಿಗಿಂತ ಬಹಳ ಹೆಚ್ಚೇನಲ್ಲ. ಆದರೆ ಅರ್ಧ ಬಂಡವಾಳದಲ್ಲಿ, ಮೂರನೆಯ ಒಂದು ಭಾಗಕ್ಕಿಂತಲೂ ಸ್ವಲ್ಪವೇ ಹೆಚ್ಚು ಹೊತ್ತಿನಲ್ಲಿ ಬಂದದ್ದು. ಮಧ್ಯಾಹ್ನದ ನಿದ್ದೆಗೂ ಲೋಪವಿಲ್ಲ!

ಗಿರಣಿಯಲ್ಲಿ ತೊಂದರೆಗಳಿಲ್ಲವೆಂದಲ್ಲ. ಉಬ್ಬಸದವರು ಹಿಟ್ಟಿನ ಧೂಳಿನ ಹತ್ತಿರ ಸುಳಿಯಬಾರದು. ಪಂಚೆಯ ಚುಂಗು, ಸೆರಗು ಬೆಲ್ಟಿಗೆ ಸಿಕ್ಕರೆ ಕೈಕಾಲಿಗೆ ಅಪಾಯ. ಬೆಲ್ಟಿಗೆ ತಂತಿಯ ಮರೆ ಇರಲೇಬೇಕು. ಮೆಣಸಿನಕಾಯಿ ಬೀಸಿದ ಯಂತ್ರಕ್ಕೆ ರಾಗಿ ಹಾಕಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ನಿಮ್ಮ ಬೀದಿಯಲ್ಲಿ ಎಲ್ಲರೂ ಪೊಟ್ಟಣದ ಹಿಟ್ಟನ್ನೇ ಕೊಳ್ಳುತ್ತಿದ್ದರೆ ನಾನು ಮಾಡಿದ ಲೆಕ್ಕವೆಲ್ಲ ನೀರಿನ ಮೇಲಿನ ಬರಹ.

ನೌಕರಿಯಲ್ಲಿರುವಾಗಲೇ, ಐವತ್ತರ ಹೊತ್ತಿಗೆ, ಇದನ್ನೆಲ್ಲ ಆರಂಭಿಸಬಹುದಲ್ಲ ಎನ್ನುವವರಿದ್ದಾರೆ. ಸರ್ಕಾರಿ ನೌಕರನಿಗೆ 1966ರ ನಡತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2021ರ ನಿಯಮಗಳೂ ಪೂರ್ವಾನುಮತಿಯಿಲ್ಲದ ಖಾಸಗಿ ವ್ಯಾಪಾರಕ್ಕೆ ಅವಕಾಶ ಕೊಡುವುದಿಲ್ಲ. ಹೆಂಡತಿಯ ಹೆಸರಿನಲ್ಲಿ ನಡೆಸುವುದಾದರೂ ಸರ್ಕಾರಕ್ಕೆ ತಿಳಿಸಬೇಕು. ನಿವೃತ್ತಿಗೆ ಮುಂಚೆ ಈ ಕಾರಣಕ್ಕೆ ಇಲಾಖಾ ವಿಚಾರಣೆಗೆ ಸಿಕ್ಕಿಕೊಂಡರೆ ಪಿಂಚಣಿಗೇ ಕುತ್ತು.

ತೆರಿಗೆಯ ಭಯ ಇಷ್ಟು ಚಿಕ್ಕ ವ್ಯಾಪಾರಕ್ಕೆ ಸಾಮಾನ್ಯವಾಗಿ ಇಲ್ಲ. ಆದರೆ 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತ್ತು. ಮನೆಯ ಹಣ, ಕೈಸಾಲ, ಅಂಗಡಿಯ ಹಣ ಒಂದೇ ಖಾತೆಗೆ ಬಿದ್ದಿದ್ದವರಿಗೆ ಯಾವುದು ಯಾವುದೆಂದು ಬಿಡಿಸಿ ಹೇಳುವುದೇ ಕಷ್ಟವಾಯಿತು. ಬೇರೆ ಬ್ಯಾಂಕು ಖಾತೆಯೂ ಒಂದು ನೂರು ಪುಟದ ಪುಸ್ತಕವೂ ಮೊದಲ ದಿನದಿಂದಲೇ ಇರಲಿ.

ಕಡೆಯದಾಗಿ, ಕೈಲಾಗದ ದಿನ ಮುಚ್ಚಿದರೆ ಏನು ಬರುತ್ತದೆಂಬುದನ್ನು ಹಾಕುವ ದಿನವೇ ಬರೆದಿಡಬೇಕು. ಮೋಟಾರಿಗೂ ಗಿರಣಿಗೂ ಹಳೆಯ ಯಂತ್ರ ಕೊಳ್ಳುವವರಿದ್ದಾರೆ. ಅಂಗಡಿಯ ಮುಂಗಡ, ಮಾಲೀಕ ಒಳ್ಳೆಯವನಾದರೆ, ಬರುತ್ತದೆ. ಉಳಿದ ಸರಕು ಅರ್ಧ ಬೆಲೆಗೆ ಹೋಗುತ್ತದೆ. ಉದ್ರಿ ಪುಸ್ತಕವನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ.