ವ್ಯಾಪಾರದ ಪ್ರಯಾಣದಲ್ಲಿ ತಂದೆ ಜೊತೆಗಿದ್ದಾಗ

ವ್ಯಾಪಾರಕ್ಕಾಗಿ ಪರದೇಶಕ್ಕೆ ಹೋಗುವುದು ತಪ್ಪಲ್ಲ. ಕುರೈಶರ ಚಳಿಗಾಲದ ಮತ್ತು ಬೇಸಿಗೆಯ ಪ್ರಯಾಣಗಳನ್ನು ಪವಿತ್ರ ಕುರ್‌ಆನಿನ 106ನೇ ಅಧ್ಯಾಯವು ಅಲ್ಲಾಹನ ಅನುಗ್ರಹವಾಗಿಯೇ ನೆನಪಿಸುತ್ತದೆ. ಆದರೆ ವೃದ್ಧ ತಂದೆಯನ್ನು ಜೊತೆಗೆ ಕರೆದೊಯ್ಯುವವನ ಹೊಣೆ ಇಮ್ಮಡಿ.

ಮೊದಲನೆಯದು ನಮಾಝ್. ಅರಕಲಗೂಡಿನಿಂದ ಹಾಸನದ ಮಾರುಕಟ್ಟೆಗೆ ಆಲೂಗೆಡ್ಡೆ ತಂದವನು ಮುಸಾಫಿರನಲ್ಲ. ಅವನು ಝುಹರ್ ನಾಲ್ಕು ರಕಅತ್ ನಿರ್ವಹಿಸಬೇಕು. ಅದೇ ದಾರಿಯಲ್ಲಿ ದುಬೈಗೆ ಹೊರಟವನಾದರೋ ಊರಿನ ಎಲ್ಲೆ ದಾಟಿದೊಡನೆ ಮುಸಾಫಿರ್. ಚನ್ನರಾಯಪಟ್ಟಣದಲ್ಲಿ ಝುಹರ್‌ಗೆ ನಿಂತರೆ ಎರಡೇ ರಕಅತ್. ಸ್ಥಳೀಯ ಇಮಾಮರ ಹಿಂದೆ ನಿಂತರೆ ಮಾತ್ರ ನಾಲ್ಕು. ಹನಫೀ ಮದ್ಹಬಿನ ಪ್ರಕಾರ ಒಂದೇ ಊರಿನಲ್ಲಿ 15 ದಿನ ತಂಗುವ ನಿಯ್ಯತ್ ಮಾಡಿದರೆ ನಮಾಝ್ ಪೂರ್ಣ. ನಿಲ್ಲಲಾಗದ ತಂದೆ ಕುಳಿತೇ ನಿರ್ವಹಿಸಬಹುದು. ಇದನ್ನು ಹೊರಡುವ ಮುನ್ನವೇ ಅವರಿಗೆ ತಿಳಿಸಿ.

ಎರಡನೆಯದು ಸೇವೆ. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ತಂದೆಯವರ ಔಷಧಿಯ ವೇಳೆ ತಪ್ಪದಿರಲಿ. ಔಷಧಿಯೂ ವೈದ್ಯರ ಚೀಟಿಯೂ ಕೈಚೀಲದಲ್ಲೇ ಇರಲಿ. ಗಾಲಿಕುರ್ಚಿ ಬೇಕಿದ್ದರೆ ವಿಮಾನ ಸಂಸ್ಥೆಗೆ ಮೊದಲೇ ಹೇಳಿ.

ಯುದ್ಧಕ್ಕೆ ಹೊರಡಲು ಅನುಮತಿ ಕೇಳಿ ಬಂದವರೊಬ್ಬರಿಗೆ ಪ್ರವಾದಿ(ಸ)ಯವರು, ತಂದೆತಾಯಿ ಜೀವಂತವಿದ್ದಾರೆಯೇ ಎಂದು ವಿಚಾರಿಸಿ, ಅವರ ಸೇವೆಯಲ್ಲೇ ಶ್ರಮಿಸುವಂತೆ ಹೇಳಿ ಕಳುಹಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಯುದ್ಧದ ಮಾತೇ ಹೀಗಿರುವಾಗ ವ್ಯಾಪಾರದ ಮಾತುಕತೆ ಯಾವ ಲೆಕ್ಕ? ಭಾಷೆ ತಿಳಿಯದ ಊರಿನಲ್ಲಿ, ಹೋಟೆಲಿನ ಕೋಣೆಯಲ್ಲಿ ತಂದೆಯನ್ನು ದಿನವಿಡೀ ಒಂಟಿಯಾಗಿ ಕೂರಿಸಿ ಗಳಿಸಿದ್ದು ಲಾಭವೋ ನಷ್ಟವೋ, ನೀವೇ ಲೆಕ್ಕ ಹಾಕಿ ನೋಡಿ.